ಪ್ರೆಸ್ಸಿಗೆ ಹೋಗುವ ಮುನ್ನ ತಂಗಿಗೊಂದು ಫೋನು

ಲೇಬಲ್, ಲೋಗೋ, ವೆಬ್‌ಸೈಟ್ ಮೂರನ್ನೂ ಒಂದೇ ಸೂರಿನಡಿ ಮಾಡಿಕೊಡುವ ನಮ್ಮ ಕಚೇರಿಯಲ್ಲಿ ಬ್ರ್ಯಾಂಡಿನ ಹೆಸರು ನಿಶ್ಚಯವಾಗುವುದು ಡಿಸೈನರ್ ಮೇಜಿನ ಮೇಲೆ. ಆ ಹೆಸರಿನ ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಸಿಗುತ್ತದೆಯೇ ಎಂದು ನೋಡುವುದು ಲೇಬಲ್ ವಿನ್ಯಾಸದ ಸಿಡಿಆರ್ ಫೈಲ್ ಪ್ರೆಸ್ಸಿಗೆ ಹೊರಡುವ ದಿನ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕುಳಿತು ಈ ಕೆಲಸ ಮಾಡುವ ನನಗೆ ಈ ಕ್ರಮ ತಲೆಕೆಳಗೆಂದು ಬಹಳ ಹಿಂದೆಯೇ ಅನ್ನಿಸಿದೆ. ಯಜಮಾನರಿಗೆ ಇನ್ನೂ ಅನ್ನಿಸಿಲ್ಲ.

ಸಾಗರದ ಕಡೆಯಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲಗಳನ್ನು ಆನ್‌ಲೈನಿನಲ್ಲಿ ಮಾರಬೇಕೆಂದು ಬಂದ ಗ್ರಾಹಕರ ಪ್ರಕರಣದಲ್ಲಿಯೂ ಹೀಗೆಯೇ ಆಯಿತು. ‘ಮಲೆನಾಡು’, ‘ಮಿಡಿ’ ಎರಡನ್ನೂ ಸೇರಿಸಿ ಯಜಮಾನರು ಹೆಸರೊಂದನ್ನು ಕಟ್ಟಿದ್ದರು. ಮಲೆನಾಡು ಎಂಬುದೇ ದೊಡ್ಡ ಬಂಡವಾಳವೆಂದು ಆಗ ನಾನೂ ತಲೆಯಾಡಿಸಿದ್ದೆ. ಡಾಟ್ ಕಾಮ್ ಆಗಲೇ ಯಾರದೋ ಕೈಯಲ್ಲಿದ್ದು, ಪ್ರೀಮಿಯಂ ಬೆಲೆ ಹಾಕಿಕೊಂಡು ಮಾರಾಟಕ್ಕಿತ್ತು. ನಡುವೆ ಅಡ್ಡಗೆರೆಯಿಟ್ಟರೆ ಡಾಟ್ ಇನ್ ಖಾಲಿಯಿತ್ತು. ‘ಅಡ್ಡಗೆರೆ ಹಾಕಿ ಬುಕ್ ಮಾಡಿ’ ಎಂದು ಯಜಮಾನರು ಅಪ್ಪಣೆ ಕೊಟ್ಟಾಗ ಪ್ರೆಸ್ಸಿನ ಹುಡುಗ ಲೈನಿನಲ್ಲಿದ್ದ: ‘ಪ್ಲೇಟ್ ಹಾಕ್ಲಾ ಸಾರ್?’

ಎದುರಿಗೇ ಕುಳಿತಿದ್ದ ಗ್ರಾಹಕರಿಗೆ, ‘ಅಕ್ಕಾ, ನಿಮ್ಮವರು ಯಾರಿಗಾದರೂ ಫೋನ್ ಮಾಡಿ ಈ ವಿಳಾಸ ಹೇಳಿ, ಅವರು ಟೈಪ್ ಮಾಡಲಿ’ ಎಂದೆ. ಅವರು ಬೆಂಗಳೂರಿನಲ್ಲಿರುವ ತಂಗಿಗೆ ಸ್ಪೀಕರ್ ಹಾಕಿ ಕರೆ ಮಾಡಿದರು. ಅಪ್ಪೆಮಿಡಿಯ ದೊಡ್ಡ ಗಿರಾಕಿಗಳು ಊರು ಬಿಟ್ಟು ಹೋದ ಇಂತಹವರೇ ಆದ್ದರಿಂದ ಪರೀಕ್ಷೆಗೆ ಅವರಿಗಿಂತ ಯೋಗ್ಯರಿಲ್ಲ. ಅಕ್ಕ ಹೆಸರು ಹೇಳಿದರು. ಕೂಡಲೇ ಆ ಕಡೆಯಿಂದ ಪ್ರಶ್ನೆಗಳು ಬಂದವು: ಎಮ್ ಎ ಎಲ್ ಆದ ಮೇಲೆ ಇ ಉಂಟೋ? ನಾಡಿಗೆ ಎ ಒಂದೋ ಎರಡೋ? ಕೊನೆಗೆ ಯು ಬೇಕೋ ಬೇಡವೋ? ಮಿಡಿಗೆ ಐ ಹಾಕಲೋ, ಎರಡು ಇ ಹಾಕಲೋ? ಅಡ್ಡಗೆರೆಯ ಮಾತು ಬಂದಾಗ, ಅದು ಕೆಳಗೆ ಎಳೆಯುವ ಗೆರೆಯೋ ನಡುವೆ ಹಾಕುವ ಗೆರೆಯೋ ಎಂಬ ಚರ್ಚೆ ಬೇರೆ ನಡೆಯಿತು. ಯಜಮಾನರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಪ್ರೆಸ್ಸಿನ ಹುಡುಗ ಎರಡನೆಯ ಸಲ ಕರೆ ಮಾಡಿದ. ಕೊನೆಗೆ ತಂಗಿಯ ಧ್ವನಿ ಕೇಳಿಸಿತು: ‘ಹೊಡೆದೆ. ಯಾವುದೋ ಹೋಂಸ್ಟೇ ಬಂತಲ್ಲ ಅಕ್ಕಾ!’

‘ಗೂಗಲ್ ಸರಿಮಾಡಿಕೊಳ್ಳುತ್ತೆ ಬಿಡ್ರಿ’ ಎಂದರು ಯಜಮಾನರು. ಹುಡುಕಾಟದಲ್ಲಿ ಸರಿಮಾಡಿಕೊಳ್ಳಬಹುದು. ಆದರೆ ವಿಳಾಸವನ್ನೇ ನೇರವಾಗಿ ಟೈಪ್ ಮಾಡಿದವರನ್ನು ಬ್ರೌಸರ್ ಅವರು ಬರೆದಲ್ಲಿಗೇ ಒಯ್ಯುತ್ತದೆ. ಒಂದು ಅಕ್ಷರ ತಪ್ಪಿದ ಇಮೇಲ್ ಆರ್ಡರ್ ಹಿಂದಿರುಗುತ್ತದೆ ಅಥವಾ ಬೇರೊಬ್ಬರ ಇನ್‌ಬಾಕ್ಸ್ ಸೇರುತ್ತದೆ.

ಕನ್ನಡದ ದೀರ್ಘ, ಮಹಾಪ್ರಾಣಗಳು ಇಂಗ್ಲಿಷ್ ಅಕ್ಷರಕ್ಕಿಳಿದಾಗ ಆಗುವ ಈ ಗೊಂದಲಕ್ಕೆ ಕನ್ನಡದಲ್ಲಿಯೇ ಡೊಮೇನ್ ಪಡೆಯುವ ದಾರಿಯೂ ಇದೆ. ಡಾಟ್ ಇನ್ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ‘ಡಾಟ್ ಭಾರತ’ ಕನ್ನಡ ಲಿಪಿಯಲ್ಲಿಯೂ ಇದೆ. ಆದರೆ ಒಳಗೆ ಅದು ಎಕ್ಸ್ ಎನ್ ಎಂದು ಆರಂಭವಾಗುವ, ಓದಲು ಬಾರದ ಸಾಲಾಗಿಯೇ ಓಡಾಡುತ್ತದೆ. ಕನ್ನಡ ಇಮೇಲ್ ವಿಳಾಸವನ್ನು ಅನೇಕ ಫಾರ್ಮ್‌ಗಳು ಇಂದಿಗೂ ಒಪ್ಪುವುದಿಲ್ಲ. ಜೊತೆಗೊಂದು ಇರಲಿ, ಅದನ್ನೇ ನಂಬಿ ಅಂಗಡಿ ತೆರೆಯುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಹೆಸರಿಗೆ ಇನ್ನೊಂದು ತೊಡಕೂ ಇತ್ತು. ಅಪ್ಪೆಮಿಡಿಗೆ ಒಂದು ಪ್ರದೇಶದ ವಿಶಿಷ್ಟ ಸರಕೆಂಬ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಇರುವುದರಿಂದ ಅದು ಒಬ್ಬ ವ್ಯಾಪಾರಿಯ ಸ್ವತ್ತಾಗಲಾರದು. ಸರಕಿನ ಬಗೆಯನ್ನೋ ಹುಟ್ಟಿದ ಊರನ್ನೋ ಮಾತ್ರ ಹೇಳುವ ಗುರುತಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಸುಲಭವಾಗಿ ನೋಂದಣಿ ಕೊಡುವುದಿಲ್ಲ. ಗುರುತಿನ ಮೇಲೆ ಹಕ್ಕಿಲ್ಲದಿದ್ದರೆ, ನಾಳೆ ಯಾರಾದರೂ ಅದೇ ಹೆಸರನ್ನು ಕೊಂಚ ತಿದ್ದಿ ಡಾಟ್ ಇನ್ ಕೊಂಡಾಗ ಡಾಟ್ ಇನ್ ವಿವಾದಗಳನ್ನು ಬಗೆಹರಿಸುವ ನೀತಿಯಾದ ಐಎನ್‌ಡಿಆರ್‌ಪಿ ಅಡಿಯಲ್ಲಿ ದೂರು ಕೊಟ್ಟರೂ ನಿಲ್ಲುವುದು ಕಷ್ಟ. ಊರಿನ ಹೆಸರೂ ಶಾಶ್ವತವಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಶಿಮೊಗ’ ಅಧಿಕೃತವಾಗಿ ‘ಶಿವಮೊಗ್ಗ’ವಾದ ಮೇಲೆ, ಹಳೆಯ ಕಾಗುಣಿತವನ್ನು ವಿಳಾಸದಲ್ಲಿಟ್ಟುಕೊಂಡವರು ಎರಡನ್ನೂ ಕೊಂಡು, ಹಳೆಯದಕ್ಕೆ ಬಂದವರು ಹೊಸದಕ್ಕೆ ಹೋಗುವಂತೆ ರಿಡೈರೆಕ್ಟ್ ಮಾಡಿಕೊಳ್ಳಬೇಕಾಯಿತು.

ಇಷ್ಟನ್ನು ನಾನು ಹೇಳಿ ಮುಗಿಸುವ ಮೊದಲೇ ಅಕ್ಕ ಪ್ರೆಸ್ಸಿಗೆ ಬೇಡವೆನ್ನುವಂತೆ ಯಜಮಾನರಿಗೆ ಹೇಳಿದರು. ಸ್ವಲ್ಪ ಹೊತ್ತಿನ ನಂತರ ತಮ್ಮ ತೋಟದ ಹಳೆಯ ಹೆಸರೊಂದನ್ನು ತಾವೇ ಸೂಚಿಸಿದರು: ಮೂರೇ ಅಕ್ಷರ, ದೀರ್ಘವಿಲ್ಲ, ಮಹಾಪ್ರಾಣವಿಲ್ಲ, ಉಪ್ಪಿನಕಾಯಿಯ ಸುಳಿವೂ ಇಲ್ಲ. ತಂಗಿ ಒಂದೇ ಸಲಕ್ಕೆ ಸರಿಯಾಗಿ ಟೈಪ್ ಮಾಡಿದರು. ಡಾಟ್ ಇನ್, ಡಾಟ್ ಕಾಮ್ ಎರಡೂ ಸಿಕ್ಕವು.

ಅವನ್ನು ಅಕ್ಕನ ಹೆಸರಿನಲ್ಲಿ, ಅವರದೇ ಇಮೇಲ್ ಮತ್ತು ಅವರದೇ ಮೊಬೈಲ್ ಕೊಟ್ಟು ನೋಂದಾಯಿಸಿದೆ. ಕಚೇರಿಯ ಖಾತೆಯಲ್ಲಿಯೇ ಇರಲಿ, ಗ್ರಾಹಕರು ಕೈಬಿಟ್ಟು ಹೋಗುವುದಿಲ್ಲ ಎಂಬುದು ಯಜಮಾನರ ಲೆಕ್ಕಾಚಾರ. ಇದೇ ಲೆಕ್ಕಾಚಾರದಿಂದ ಹಿಂದೊಮ್ಮೆ ಕೆಲಸ ಬಿಟ್ಟುಹೋದ ಹುಡುಗನ ಇಮೇಲಿಗೆ ರಿನ್ಯೂವಲ್ ನೋಟಿಸುಗಳು ಹೋಗಿ, ಒಬ್ಬರ ಡಾಟ್ ಕಾಮ್ ರಿಡೆಂಪ್ಷನ್‌ಗೆ (ಅವಧಿ ಮುಗಿದ ಹೆಸರನ್ನು ಮರಳಿ ಪಡೆಯುವ ಕೊನೆಯ ಗಡುವಿಗೆ) ಬಿದ್ದು, ಆ 30 ದಿನಗಳೊಳಗೆ ದಂಡ ಕಟ್ಟಿ ಬಿಡಿಸಿಕೊಳ್ಳಬೇಕಾಗಿತ್ತು. ಮೊದಲ ವರ್ಷದ ರಿಯಾಯಿತಿ ದರವನ್ನಷ್ಟೇ ನೋಡದೆ ರಿನ್ಯೂವಲ್ ದರವನ್ನೂ ಅಕ್ಕನಿಗೆ ಬರೆದುಕೊಟ್ಟೆ.

ಯಜಮಾನರು ಬಿಲ್ಲಿನಲ್ಲಿ ‘ಹೆಸರಿನ ಸಲಹೆ’ ಎಂದು ಪ್ರತ್ಯೇಕ ಮೊತ್ತ ಸೇರಿಸಿದ್ದರು. ಅಕ್ಕ ಆ ಸಾಲನ್ನು ಹೊಡೆದುಹಾಕಿ ಉಳಿದದ್ದನ್ನು ಕೊಟ್ಟು ಹೋದರು.