‘ಇದ್ದಕ್ಕಿದ್ದಂತೆ ಸತ್ತುಹೋಯಿತು’ ಎನ್ನುವವರಿಗೆ

ನಾನು ದೊಡ್ಡ ಬೇಟೆಗಾರ ಮೀನುಗಳನ್ನು ಸಾಕುತ್ತೇನೆಂದು ತಿಳಿದವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: “ನಿನ್ನೆ ರಾತ್ರಿ ಚೆನ್ನಾಗಿ ತಿಂದಿತ್ತು, ಬೆಳಿಗ್ಗೆ ನೋಡಿದರೆ ಇದ್ದಕ್ಕಿದ್ದಂತೆ ಸತ್ತಿದೆ, ಯಾಕೆ?” ಒಬ್ಬರದು ಅರೋವಾನ, ಇನ್ನೊಬ್ಬರದು ಆಸ್ಕರ್, ಮತ್ತೊಬ್ಬರದು ರೆಡ್‌ಟೇಲ್ ಕ್ಯಾಟ್‌ಫಿಶ್. ಮೀನು ಬದಲಾದರೂ ವಾಕ್ಯ ಬದಲಾಗುವುದಿಲ್ಲ. ಇದಕ್ಕೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಮುಂದೆ ಕೇಳುವವರು ದಯವಿಟ್ಟು ಇದನ್ನು ಓದಿಕೊಳ್ಳಲಿ.

ಮೊದಲು ಆ ‘ಇದ್ದಕ್ಕಿದ್ದಂತೆ’ ಎಂಬ ಮಾತನ್ನು ಬಿಡಿ. ಅದನ್ನು ಕೇಳಿದ ಕೂಡಲೇ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ‘ನಾನೇನೂ ಮಾಡಲಿಲ್ಲ’ ಎಂಬ ಮಾತು ಅದರೊಳಗೇ ಅಡಗಿದೆ. ನೀವೇನೂ ಮಾಡಲಿಲ್ಲ ಎಂಬುದು ನಿಜವಿರಬಹುದು. ತಿಂಗಳುಗಟ್ಟಲೆ ಏನನ್ನೂ ಮಾಡದೆ ಇದ್ದುದರಿಂದಲೇ ಎಷ್ಟೋ ಮೀನುಗಳು ಸಾಯುತ್ತವೆ. ನದಿಯಲ್ಲಿ ತನ್ನ ನಿತ್ರಾಣವನ್ನು ತೋರಿಸಿಕೊಂಡ ಮೀನು ಇನ್ನೊಂದರ ಬಾಯಿಗೆ ಬೀಳುತ್ತದೆ. ಆದ್ದರಿಂದ ಬೇಟೆಯಾಡುವ ಮೀನು ಕೂಡ ತನ್ನ ಕಾಯಿಲೆಯನ್ನು ಕೊನೆಯ ಗಳಿಗೆಯವರೆಗೆ ಹೊರಗೆ ಕಾಣಗೊಡುವುದಿಲ್ಲ. ಹಿಂದಿನ ರಾತ್ರಿ ಚೆನ್ನಾಗಿ ತಿಂದಿತ್ತು ಎಂಬುದು ಅದರ ಆರೋಗ್ಯಕ್ಕೆ ಪುರಾವೆಯಲ್ಲ. ಹೊಟ್ಟೆ ತುಂಬಿದ ದೊಡ್ಡ ಮೀನಿಗೆ ಜೀರ್ಣಿಸಿಕೊಳ್ಳಲು ಹೆಚ್ಚಿನ ಆಮ್ಲಜನಕ ಬೇಕು, ಹೀಗಾಗಿ ಮೊದಲೇ ಕಿವಿರು ಕೆಟ್ಟಿದ್ದ ಮೀನು ತಿಂದ ರಾತ್ರಿಯೇ ಸಾಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ನಿಜವಾಗಿಯೂ ಇದ್ದಕ್ಕಿದ್ದಂತೆ ಬರುವ ಸಾವುಗಳೂ ಇವೆ, ಅವನ್ನು ನಾನು ಅಲ್ಲಗಳೆಯುವುದಿಲ್ಲ. ನೀರಿನ ಮೇಲಿನ ಕೊಂಬೆಯಲ್ಲಿ ಕುಳಿತ ಕೀಟವನ್ನು ಹಾರಿ ಹಿಡಿಯುವ ಅರೋವಾನ, ಮುಚ್ಚಳ ಸಡಿಲವಾಗಿದ್ದರೆ ತೊಟ್ಟಿಯಿಂದಲೂ ಹೊರಗೆ ಹಾರುತ್ತದೆ. ಕೋಣೆಯಲ್ಲಿ ಸಿಂಪಡಿಸಿದ ಕೀಟನಾಶಕವನ್ನು ಏರ್ ಪಂಪ್ ಗಾಳಿಯೊಡನೆ ಎಳೆದು ನೀರಿಗೆ ಸೇರಿಸುತ್ತದೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳು ಮೀನಿಗೆ ಘೋರ ವಿಷ. ವಿದ್ಯುತ್ ಹೋಗಿ ಪಂಪ್ ನಿಂತರೆ ದೊಡ್ಡ ಮೀನಿಗೇ ಮೊದಲು ಉಸಿರು ಕಟ್ಟುತ್ತದೆ, ಅದರಲ್ಲೂ ಬೆಚ್ಚಗಿನ ನೀರಿನಲ್ಲಿ. 20 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ಅರಪೈಮಾದ ಕಥೆ ಇನ್ನೂ ಬೇರೆ. ಅದು ನೀರಿನಿಂದ ತಲೆಯೆತ್ತಿ ಗಾಳಿಯನ್ನು ನುಂಗಿ ಉಸಿರಾಡುವ ಮೀನು, ಅನೇಕ ಸ್ನೇಕ್‌ಹೆಡ್ ಜಾತಿಗಳೂ ಹಾಗೆಯೇ. ಮುಚ್ಚಳದವರೆಗೆ ನೀರು ತುಂಬಿಸಿ ಗಾಳಿಗೆ ಜಾಗವನ್ನೇ ಬಿಡದಿದ್ದರೆ, ಮೀನಾಗಿದ್ದೂ ಅವು ನೀರಿನಲ್ಲಿ ಮುಳುಗಿ ಸಾಯುತ್ತವೆ.

ಆದರೆ ನನ್ನ ಬಳಿ ಬರುವ ಪ್ರಶ್ನೆಗಳ ಹಿಂದೆ ಹೆಚ್ಚಾಗಿ ಇವು ಯಾವುವೂ ಇರುವುದಿಲ್ಲ. ಒಂದು ಪ್ರಸಂಗವನ್ನು ಹೇಳುತ್ತೇನೆ. ಪರಿಚಿತರೊಬ್ಬರು ಎರಡು ಅಡಿಗೂ ಉದ್ದದ ಬೆಳ್ಳಿ ಅರೋವಾನವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಮನೆ ಬಾಗಿಲಿಗೆ ಬಂದಿದ್ದರು. ಆರು ವರ್ಷದ ಮೀನು. ಅವರ ಕಣ್ಣು ಕೆಂಪಾಗಿತ್ತು. “ನಿನ್ನೆಯಷ್ಟೇ ತೊಟ್ಟಿಯನ್ನು ಚೊಕ್ಕಟ ಮಾಡಿದ್ದೆ, ಅರ್ಧ ನೀರು ಬದಲಿಸಿದ್ದೆ, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ತೊಳೆದಿದ್ದೆ. ಇಷ್ಟೆಲ್ಲ ಮಾಡಿದ ಮೇಲೂ ಇದ್ದಕ್ಕಿದ್ದಂತೆ ಹೀಗಾಯಿತು” ಎಂದರು. ಅದಕ್ಕೂ ಮುಂಚೆ ನೀರು ಬದಲಿಸಿದ್ದು ಯಾವಾಗ ಎಂದು ಕೇಳಿದೆ. ಐದು ತಿಂಗಳಾಗಿತ್ತಂತೆ, ಆವಿಯಾದಷ್ಟನ್ನು ಮಾತ್ರ ಆಗಾಗ ತುಂಬಿಸುತ್ತಿದ್ದರಂತೆ. “ಆದರೂ ಮೀನು ಚೆನ್ನಾಗಿಯೇ ಇತ್ತಲ್ಲ?” ಎಂದು ನನ್ನನ್ನೇ ಕೇಳಿದರು.

ಹೊರಗೆ ತೆಗೆದ ನೀರಿನಲ್ಲಿ ಒಂದು ಬಕೆಟ್ಟನ್ನು ಗಿಡಗಳಿಗೆಂದು ಎತ್ತಿಟ್ಟಿದ್ದೇನೆ ಎಂದು ಅವರು ಮಾತಿನ ನಡುವೆ ಹೇಳಿದ್ದರಿಂದ ಕಾರಣ ಗೊತ್ತಾಯಿತು. ಆ ನೀರನ್ನೂ ತೊಟ್ಟಿಯಲ್ಲಿದ್ದ ನೀರನ್ನೂ ತರಿಸಿ ಪರೀಕ್ಷಿಸಿದೆ. ಹಳೆಯ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಆಮ್ಲೀಯ, ಮೇಲಿದ್ದರೆ ಕ್ಷಾರೀಯ) 6ಕ್ಕಿಂತ ಕೆಳಗಿತ್ತು, ತೊಟ್ಟಿಯದು 8ರ ಹತ್ತಿರವಿತ್ತು. ಎರಡರಲ್ಲೂ ಅಮೋನಿಯಾ ಪರೀಕ್ಷೆಯ ಬಣ್ಣ ಕಡು ಹಸಿರಿಗೆ ತಿರುಗಿತು, ಅಂದರೆ ಅಮೋನಿಯಾ ವಿಪರೀತವಾಗಿತ್ತು.

ಇಲ್ಲಿ ನಡೆದದ್ದನ್ನು ತಾಳ್ಮೆಯಿಂದ ಕೇಳಿ, ಏಕೆಂದರೆ ಹೆಚ್ಚಿನವರಿಗೆ ಉತ್ತರ ಇಲ್ಲೇ ಇದೆ. ಮಾಂಸ ತಿನ್ನುವ ಮೀನು ತಾನು ತಿಂದ ಪ್ರೋಟೀನಿನ ನೈಟ್ರೋಜನನ್ನು ಬಹುಪಾಲು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕ ಹೊರಹಾಕುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ನೈಟ್ರೊಸೊಮೊನಾಸ್, ನೈಟ್ರೊಸ್ಪೈರಾದಂತಹ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ಅನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಆದರೆ ಈ ಕೆಲಸ ಪುಕ್ಕಟೆಯಾಗಿ ನಡೆಯುವುದಿಲ್ಲ: ಅಮೋನಿಯಾದಲ್ಲಿನ ಒಂದು ಗ್ರಾಂ ನೈಟ್ರೋಜನ್‌ಗೆ, ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ, ಸುಮಾರು 7 ಗ್ರಾಂ ಕ್ಷಾರತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ಖರ್ಚಾಗುತ್ತದೆ. ಹೊಸ ನೀರು ಬಾರದಿದ್ದರೆ ಕ್ಷಾರತೆ ಬರಿದಾಗುತ್ತದೆ, ಪಿಎಚ್ ಕುಸಿಯುತ್ತದೆ, ಆಮ್ಲೀಯವಾದ ಆ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಕೆಲಸ ನಿಧಾನವಾಗಿ ನಿಂತೇಹೋಗುತ್ತದೆ. ಅಲ್ಲಿಂದಾಚೆಗೆ ಮೀನು ಹೊರಹಾಕಿದ್ದೆಲ್ಲವೂ ನೀರಿನಲ್ಲೇ ಸೇರುತ್ತಾ ಹೋಗುತ್ತದೆ.

ಹಾಗಿದ್ದರೆ ಐದು ತಿಂಗಳಲ್ಲಿ ಆ ಮೀನು ಏಕೆ ಸಾಯಲಿಲ್ಲ? ನನ್ನನ್ನು ಕೇಳಬೇಕಾಗಿದ್ದ ಪ್ರಶ್ನೆ ಇದು. ಹೇಗೆ ಸತ್ತಿತು ಎಂದು ಕೇಳುವವರು ನೂರು ಜನ. ಅಂಥ ನೀರಿನಲ್ಲಿ ಅಷ್ಟು ದಿನ ಹೇಗೆ ಬದುಕಿತು ಎಂದು ಈವರೆಗೆ ಒಬ್ಬರೂ ನನ್ನನ್ನು ಕೇಳಿಲ್ಲ. ಕೇಳಿದ್ದರೆ ಕುಳಿತು ಒಂದು ಸಂಜೆಯಿಡೀ ಉತ್ತರಿಸುತ್ತಿದ್ದೆ.

ಅಮೋನಿಯಾ ನೀರಿನಲ್ಲಿ ಎರಡು ರೂಪಗಳಲ್ಲಿ ಇರುತ್ತದೆ. ಒಂದು ಅಮೋನಿಯಂ, ಅದರಿಂದ ಮೀನಿಗೆ ಅಷ್ಟಾಗಿ ತೊಂದರೆಯಿಲ್ಲ. ಇನ್ನೊಂದು ಕಿವಿರನ್ನು ದಾಟಿ ರಕ್ತಕ್ಕೆ ಸೇರುವ ಮುಕ್ತ ಅಮೋನಿಯಾ. ಯಾವುದು ಎಷ್ಟಿರಬೇಕೆಂಬುದನ್ನು ಬಹುಮಟ್ಟಿಗೆ ಪಿಎಚ್ ನಿರ್ಧರಿಸುತ್ತದೆ. 25 ಡಿಗ್ರಿಯ ನೀರಿನಲ್ಲಿ ಪಿಎಚ್ 6 ಇದ್ದಾಗ ವಿಷಕಾರಿ ರೂಪದ ಪಾಲು ಶೇ 0.06ರಷ್ಟು ಮಾತ್ರ, 7ರಲ್ಲಿ ಶೇ 0.6ರ ಹತ್ತಿರ, 8ರಲ್ಲಿ ಶೇ 5ಕ್ಕೂ ಹೆಚ್ಚು. ಹಾಳಾದ ನೀರಿನ ಆಮ್ಲೀಯತೆಯೇ ಆ ಮೀನನ್ನು ಐದು ತಿಂಗಳು ಕಾಪಾಡಿತ್ತು. ಮೀನು ಸಹ ಆ ಬದಲಾವಣೆಗೆ ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಹೊಂದಿಕೊಂಡಿತ್ತು. ಅರ್ಧ ನೀರು ಚೆಲ್ಲಿ ಕ್ಷಾರೀಯವಾದ ಹೊಸ ನೀರನ್ನು ತುಂಬಿಸಿದಾಗ ಒಟ್ಟು ಅಮೋನಿಯಾ ಅರ್ಧಕ್ಕೆ ಇಳಿದರೂ, ಉಳಿದ ಅರ್ಧದಲ್ಲಿನ ವಿಷದ ಅಂಶ ಹತ್ತಾರು ಪಟ್ಟು ಏರಿತು. ಅಳಿದುಳಿದ ಬ್ಯಾಕ್ಟೀರಿಯಾಗಳನ್ನು ನಲ್ಲಿ ನೀರಿನ ಕ್ಲೋರಿನ್ ಮುಗಿಸಿತ್ತು. ಅವರು ಪ್ರೀತಿಯಿಂದಲೇ ಮಾಡಿದ ಕೆಲಸವದು. ಅದನ್ನು ಅವರಿಗೆ ವಿವರಿಸುವಾಗ ನನ್ನ ಗಂಟಲೂ ಕಟ್ಟಿತ್ತು.

ಇದರಿಂದ ‘ನೀರು ಬದಲಿಸಿದರೆ ಮೀನು ಸಾಯುತ್ತದೆ’ ಎಂಬ ತೀರ್ಮಾನಕ್ಕೆ ಬರುವವರನ್ನೂ ಕಂಡಿದ್ದೇನೆ. ಅದು ಶುದ್ಧ ತಪ್ಪು. ತಿಂಗಳುಗಟ್ಟಲೆ ಬಿಟ್ಟ ತೊಟ್ಟಿಯಾದರೆ ಮೊದಲು ಪಿಎಚ್ ಮತ್ತು ಅಮೋನಿಯಾ ಅಳೆಯಿರಿ. ಕ್ಲೋರಿನ್ ತೆಗೆದ ನೀರನ್ನು ಹತ್ತನೆಯ ಒಂದು ಭಾಗದಂತೆ ಅಥವಾ ಅದಕ್ಕೂ ಕಡಿಮೆ ಪ್ರಮಾಣದಲ್ಲಿ, ಪ್ರತಿ ಸಲವೂ ಅಳೆಯುತ್ತಾ, ಹಲವು ದಿನಗಳಲ್ಲಿ ಹಂತಹಂತವಾಗಿ ಬದಲಿಸಿರಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿರಿ. ಆಮೇಲೆ ವಾರವಾರವೂ ನೀರು ಬದಲಿಸುವುದನ್ನು ತಪ್ಪಿಸಬೇಡಿ.

ಬದುಕಿದ್ದು ಹೇಗೆ ಎಂಬ ಪ್ರಶ್ನೆಯ ಬೆಲೆಯನ್ನು ದೊಡ್ಡ ಸಂಸ್ಥೆಗಳೂ ಕಲಿತದ್ದು ಸುಲಭವಾಗಿ ಅಲ್ಲ. ಬಿಳಿ ಶಾರ್ಕ್ ಈಜುತ್ತಲೇ ಇದ್ದರೆ ಮಾತ್ರ ಅದರ ಕಿವಿರಿಗೆ ಸಾಕಷ್ಟು ನೀರು ಹರಿಯುತ್ತದೆ. 2016ರ ಜನವರಿಯಲ್ಲಿ ಜಪಾನಿನ ಓಕಿನಾವಾ ಚುರಾಊಮಿ ಅಕ್ವೇರಿಯಂನಲ್ಲಿ ಇರಿಸಿದ ಸುಮಾರು 3.5 ಮೀಟರ್ ಉದ್ದದ ಬಿಳಿ ಶಾರ್ಕ್ ಮೂರೇ ದಿನಗಳಲ್ಲಿ ಸತ್ತಿತು. ಅದಕ್ಕೂ ಮುಂಚೆ, 2004–05ರಲ್ಲಿ, ಅಮೆರಿಕದ ಮಾಂಟೆರೆ ಬೇ ಅಕ್ವೇರಿಯಂ ಒಂದು ಬಿಳಿ ಶಾರ್ಕನ್ನು 198 ದಿನ ಇಟ್ಟುಕೊಂಡು ಜೀವಂತವಾಗಿ ಸಮುದ್ರಕ್ಕೆ ಮರಳಿಸಿತ್ತು. ಅದು ಚಿಕ್ಕ ಮರಿಯಾಗಿತ್ತು. ಮೊದಲು ಅದನ್ನು ಸಮುದ್ರದೊಳಗಿನ ವಿಶಾಲ ಬಲೆಯ ಆವರಣದಲ್ಲಿಟ್ಟು, ಅದು ಆಹಾರ ತೆಗೆದುಕೊಳ್ಳುವುದನ್ನು ಕಂಡ ಮೇಲೆಯೇ ತೊಟ್ಟಿಗೆ ತಂದಿದ್ದರು.

ನಮ್ಮ ತೊಟ್ಟಿಗಳಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಒಂದು ಮೀಟರನ್ನೂ ಮೀರಿ ಬೆಳೆಯುವ ರೆಡ್‌ಟೇಲ್ ಕ್ಯಾಟ್‌ಫಿಶ್‌ನ ಬೆರಳುದ್ದದ ಮರಿಯನ್ನು ತಂದು, ‘ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ’ ಎನ್ನುತ್ತಾರೆ. ಕೆಟ್ಟ ನೀರು ಮತ್ತು ಇಕ್ಕಟ್ಟಿನಿಂದ ಬೆಳವಣಿಗೆ ಕುಂಠಿತವಾಗುವುದು ಹೌದು. ಅದು ಹೊಂದಾಣಿಕೆಯಲ್ಲ, ರೋಗ. ಆಹಾರದಲ್ಲೂ ಇಂಥದೇ ನಿಧಾನದ ಸಾವಿದೆ. ದಿನವೂ ಗೋಲ್ಡ್‌ಫಿಶ್‌ಗಳನ್ನೇ ತಿನ್ನಿಸುವವರು, ಅವುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ಒಡೆದುಹಾಕುತ್ತದೆ ಎಂಬುದನ್ನು ಅರಿತಿರಬೇಕು. ಆ ಕೊರತೆ ಬೆಳೆಯುತ್ತಾ ಹೋದಂತೆ ನರಗಳು ಕೆಡುತ್ತವೆ, ಒಂದು ದಿನ ಮೀನು ಸಮತೋಲನ ತಪ್ಪಿ, ಸೆಳೆತ ಬಂದು ಸಾಯುತ್ತದೆ. ಆಗಲೂ ನನಗೆ ಕೇಳಿಬರುವುದು ಅದೇ ‘ಇದ್ದಕ್ಕಿದ್ದಂತೆ’.

ಇಷ್ಟರ ಮೇಲೂ ನನ್ನ ಬಳಿ ಬರುವುದಾದರೆ ಬರಿಗೈಯಲ್ಲಿ ಬರಬೇಡಿ. ಸತ್ತದ್ದನ್ನು ಕಂಡ ಕೂಡಲೇ ಕಿವಿರಿನ ಮುಚ್ಚಳವನ್ನೆತ್ತಿ ಬಣ್ಣದ ಚಿತ್ರ ತೆಗೆಯಿರಿ; ಕಿವಿರು ಕಂದು ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್ ವಿಷವನ್ನು ಶಂಕಿಸಬಹುದು, ಆದರೆ ತಡವಾದಷ್ಟೂ ಬಣ್ಣ ನಂಬಿಕೆಗೆ ಅರ್ಹವಲ್ಲ. ಮೀನನ್ನು ಫ್ರಿಜ್ಜಿನ ತಣ್ಣನೆಯ ಭಾಗದಲ್ಲಿಡಿ, ಫ್ರೀಜರಿನಲ್ಲಿ ಇಡಬೇಡಿ, ಏಕೆಂದರೆ ಹೆಪ್ಪುಗಟ್ಟಿದ ಮಂಜು ಅಂಗಾಂಶಗಳನ್ನು ಒಡೆದು ಪರೀಕ್ಷೆಗೆ ಬಾರದಂತೆ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದುಃಖದಲ್ಲಿ ತೊಟ್ಟಿಯನ್ನು ಬರಿದುಮಾಡುವ ಮೊದಲು ಒಂದು ಬಾಟಲಿ ನೀರನ್ನು ತುಂಬಿಸಿಕೊಳ್ಳಿ. ಕೊನೆಯ ಸಲ ನೀರು ಬದಲಿಸಿದ್ದು ಯಾವಾಗ, ಎಷ್ಟು ಎಂಬುದನ್ನು ಆ ಬಾಟಲಿಯ ಮೇಲೆಯೇ ಬರೆದು ತನ್ನಿ.