ಸವೆದ ಬೆಡ್, ಮೂರು ಪ್ಲೇಟು

ಹಳೇ ಪುಟ್ಟ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಈಗ ಮೇಜಿನ ತುಂಬ ಬಿಡಿಭಾಗಗಳಾಗಿ ಹರಡಿಕೊಂಡಿದೆ. ತುಕ್ಕು, ಗಟ್ಟಿಯಾದ ಗ್ರೀಸ್ ಎಲ್ಲ ಸೀಮೆಎಣ್ಣೆಯಲ್ಲಿ ನೆನೆಸಿದರೆ ಬಿಡುತ್ತದೆ. ಬಣ್ಣ ಕೊನೆಗೆ. (ಎಷ್ಟೋ ಜನ ಬಣ್ಣದಿಂದಲೇ ಶುರು ಮಾಡುತ್ತಾರೆ, ಯಾಕೋ!) ನಿಜವಾದ ತಲೆನೋವು ಬೆಡ್, ಅಂದರೆ ಉಳಿದ ಭಾಗಗಳು ಕೂರುವ ಉದ್ದನೆಯ ತಳ.

ಬೆಡ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೆಲಸ ಜಾಸ್ತಿ ನಡೆಯುವುದು ತುಂಡನ್ನು ಹಿಡಿದು ತಿರುಗಿಸುವ ಚಕ್ ಹತ್ತಿರ, ಅಲ್ಲೇ ತಗ್ಗು. ಅದರ ಎದುರಿನ ಟೇಲ್‌ಸ್ಟಾಕ್ ತುದಿ ಹೊಸದರಂತೆಯೇ ಇದೆ. ಚಕ್ ಹತ್ತಿರ ಗಿಬ್ (ಸಡಿಲ ಸರಿಪಡಿಸುವ ಪಟ್ಟಿ) ಬಿಗಿ ಮಾಡಿದರೆ ಆ ತುದಿಯಲ್ಲಿ ಕ್ಯಾರೇಜ್ (ಉಳಿ ಹೊತ್ತು ಬೆಡ್ ಮೇಲೆ ಜಾರುವ ಭಾಗ) ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ಹೊಂದಿಸಿದರೆ ಇಲ್ಲಿ ಅಲ್ಲಾಡುತ್ತದೆ. ಸುಮ್ನೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ, ಸ್ಕ್ರೇಪಿಂಗ್ ಮಾಡಲೇಬೇಕು. ಸಮತಟ್ಟಾದ ಪ್ಲೇಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಬೆಡ್ ಮೇಲಿಟ್ಟು ಆಡಿಸಿ, ನೀಲಿ ಹತ್ತಿದ ಉಬ್ಬುಗಳನ್ನು ಮಾತ್ರ ಕೆರೆಯುವುದು. ಒಂದು ಸಲಕ್ಕೆ ಹೋಗುವುದು ಕೆಲವೇ ಮೈಕ್ರಾನ್. ಮತ್ತೆ ನೀಲಿ, ಮತ್ತೆ ಕೆರೆತ.

ಕೆರೆಯುವಾಗ ಬಂದ ಯೋಚನೆ: ಬೆಡ್ ಸಮ ಇದೆಯೋ ಇಲ್ಲವೋ ಅಂತ ಹೇಳುವುದು ಪ್ಲೇಟು. ಹಾಗಾದರೆ ಪ್ಲೇಟಿಗೆ ಹೇಳಿದ್ದು ಯಾರು?

ಉತ್ತರ ಮಜವಾಗಿದೆ. ಎರಡೇ ಪ್ಲೇಟುಗಳಾದರೆ ಒಂದು ಉಬ್ಬಿ, ಇನ್ನೊಂದು ತಗ್ಗಿ, ಚೆನ್ನಾಗಿ ಕೂತುಬಿಡಬಹುದು. ಮೂರನೆಯದು ಸೇರಿದರೆ ಆ ಹೊಂದಾಣಿಕೆ ನಡೆಯುವುದಿಲ್ಲ. ಮೂರನ್ನೂ ಅದಲುಬದಲು ಮಾಡಿ, ಒಂದಕ್ಕೊಂದು ತಾಗಿಸಿ ಕೆರೆಯುತ್ತಾ ಹೋದರೆ ಮೂರೂ ಸಮವಾಗಲೇಬೇಕು. ಮೊದಲೇ ಸಮವಾದದ್ದು ಯಾವುದೂ ಬೇಡ! ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್ವರ್ತ್ 1840ರಲ್ಲೇ ಇದರ ಬಗ್ಗೆ ಪ್ರಬಂಧ ಮಂಡಿಸಿದ್ದರು. ಉಜ್ಜುಪುಡಿ ಹಾಕಿ ತಿಕ್ಕುವುದಕ್ಕಿಂತ ಕೆರೆಯುವುದೇ ಮೇಲು ಅಂತ ಅವರ ವಾದ. ನನ್ನ ಮಣಿಕಟ್ಟು ಒಪ್ಪುತ್ತಿಲ್ಲ, ಬೆಡ್ ಮಾತ್ರ ಒಪ್ಪುತ್ತಿದೆ.

ಚಕ್ ತಿರುಗಿಸುವ ಸ್ಪಿಂಡಲ್‌ನ ಬೇರಿಂಗ್ ಇನ್ನೂ ಮುಟ್ಟಿಲ್ಲ. ಅದರ ಕಥೆ ಬೇರೆ.