ವಕೀಲರ ಫೀಸಿಗೆ ಚಿನ್ನ ಅಡವಿಡುವ ಮೊದಲು ಒಮ್ಮೆ ಕೇಳಿ

ಕಾರವಾರದಲ್ಲಿ ವಕೀಲಿ ಮಾಡುತ್ತೇನೆ, ಅರ್ಹರಿಗೆ ಉಚಿತ ವಕೀಲರನ್ನು ಕೊಡುವ ಸರ್ಕಾರಿ ಸಂಸ್ಥೆಯಾದ ಕಾನೂನು ಸೇವಾ ಪ್ರಾಧಿಕಾರದ ವಕೀಲರ ಪಟ್ಟಿಯಲ್ಲೂ ಇದ್ದೇನೆ. ಪೆಟ್ಟು ತಿಂದವರು, ಮನೆಯವರನ್ನು ಕಳೆದುಕೊಂಡವರು ಬಂದು ಕೂತರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ಈ ಕೇಸಿಗೆ ಇದುವರೆಗೆ ಯಾರಿಗಾದರೂ ದುಡ್ಡು ಕೊಟ್ಟಿದ್ದೀರಾ?

ಈ ಪ್ರಶ್ನೆ ರೂಢಿಯಾಗಿದ್ದು ಅಂಕೋಲಾ ಕಡೆಯ ಮೀನು ಮಾರುವ ಅಕ್ಕ ಒಬ್ಬರಿಂದ. ಜಗಳದಲ್ಲಿ ಅವರ ಕೈಗೆ ಕತ್ತಿಯೇಟು ಬಿದ್ದಿತ್ತು. ಬೆರಳು ಮಡಚಲು ಬರುತ್ತಿರಲಿಲ್ಲ, ಬುಟ್ಟಿ ಎತ್ತುವುದು ದೂರದ ಮಾತು. ಅವರು ನನ್ನ ಹತ್ತಿರ ಬರುವಷ್ಟರಲ್ಲಿ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಖಾಸಗಿ ವಕೀಲರಿಗೆ ಫೀಸು ಕೊಟ್ಟಾಗಿತ್ತು. "ವಕೀಲ್ರೇ, ಅದನ್ನ ಸರ್ಕಾರ ವಾಪಸ್ ಕೊಡ್ತದಾ?" ಅಂದರು.

ಇಲ್ಲ ಅಕ್ಕಾ, ಕೊಡೋದಿಲ್ಲ ಅಂತ ಹೇಳಬೇಕಾಯಿತು. ನಾವೇ ಇಟ್ಟುಕೊಂಡ ವಕೀಲರ ಫೀಸಿನ ರಸೀದಿ ತೋರಿಸಿ ಸರ್ಕಾರದಿಂದ ದುಡ್ಡು ಪಡೆಯುವ ವ್ಯವಸ್ಥೆ ನಮ್ಮಲ್ಲಿಲ್ಲ. ಸರ್ಕಾರ ಆ ಖರ್ಚನ್ನು ಮೊದಲೇ ಹೊರುತ್ತದೆ, ಆಮೇಲೆ ತುಂಬಿಕೊಡುವುದಿಲ್ಲ. ಪೊಲೀಸ್ ಕೇಸನ್ನು ನಡೆಸುವುದು ಸರ್ಕಾರದ ವಕೀಲರು, ಅಂದರೆ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಅಥವಾ ಎಪಿಪಿ (ಸಹಾಯಕ ಪಬ್ಲಿಕ್ ಪ್ರಾಸಿಕ್ಯೂಟರ್), ಅವರಿಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ನಿಮ್ಮ ಪರ ಇನ್ನೊಬ್ಬ ವಕೀಲರು ನಿಂತು ಪಿಪಿಗೆ ನೆರವಾಗಬೇಕೆಂದರೆ ಕೋರ್ಟಿನ ಅನುಮತಿ ಪಡೆಯಬಹುದು, ಆ ವಕೀಲರನ್ನೂ ಪ್ರಾಧಿಕಾರದಿಂದಲೇ ಉಚಿತವಾಗಿ ಕೇಳಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಇವರೆಲ್ಲ ಆದಾಯ ಎಷ್ಟಿದ್ದರೂ ಇದಕ್ಕೆ ಅರ್ಹರು. ಬಡ ಗಂಡಸರಿಗೆ ಆದಾಯದ ಮಿತಿ ಇದೆ. ಬರೆಯಲು ಬಾರದಿದ್ದರೆ ಬಾಯಲ್ಲಿ ಹೇಳಿದರೂ ಸಾಕು, ಕಚೇರಿಯವರು ಬರೆದುಕೊಳ್ಳುತ್ತಾರೆ. ಹೀಗೆ ನೇಮಕವಾದ ವಕೀಲರು ನಿಮ್ಮಿಂದ ದುಡ್ಡು ತಗೊಳ್ಳುವಂತಿಲ್ಲ. ಕೇಳಿದರೆ ಕೂಡಲೇ ಪ್ರಾಧಿಕಾರಕ್ಕೆ ದೂರು ಕೊಡಿ.

ವಕೀಲರು ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಇದೆ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಚಾರ್ಜ್‌ಶೀಟಿನ (ಪೊಲೀಸರ ಆರೋಪಪಟ್ಟಿಯ) ಪ್ರತಿ ಆರೋಪಿಗೆ ಮಾತ್ರವಲ್ಲ, ನೊಂದವರಿಗೂ ಪುಕ್ಕಟೆ ಸಿಗಬೇಕು, ಆದರೆ ಅವರ ಪರ ವಕೀಲರಿದ್ದರೆ. ತಮ್ಮ ಕೇಸಿನಲ್ಲಿ ಏನು ಬರೆದಿದ್ದಾರೆ ಅಂತ ಗೊತ್ತಿಲ್ಲದೆ ಸಾಕ್ಷಿ ಕಟ್ಟೆ ಹತ್ತಿದವರನ್ನು ಬಹಳ ನೋಡಿದ್ದೇನೆ. ಸಂಕಟವಾಗುತ್ತದೆ.

ಇನ್ನು ಪರಿಹಾರ. ಇದು ಫೀಸಿನ ಲೆಕ್ಕವಲ್ಲ, ಆದ ನಷ್ಟಕ್ಕೆ ಮತ್ತು ಮತ್ತೆ ಬದುಕು ಕಟ್ಟಿಕೊಳ್ಳುವುದಕ್ಕೆ ಕೊಡುವ ಹಣ. ಇದಕ್ಕೆ ಆಧಾರ ಹಳೆಯ ಸಂಹಿತೆಯಲ್ಲಿ ಸೆಕ್ಷನ್ 357ಎ, ಈಗ ಹೊಸ ಸಂಹಿತೆಯ ಸೆಕ್ಷನ್ 396. ಕರ್ನಾಟಕದ ಯೋಜನೆ 2011ರದ್ದು, ಹೆಂಗಸರಿಗೆ 2018ರ ರಾಷ್ಟ್ರೀಯ ಯೋಜನೆಯೂ ಇದೆ. ಆರೋಪಿಗೆ ಶಿಕ್ಷೆಯಾದ ಮೇಲೆಯೇ ಇದು ಸಿಗುವುದು ಅಂತ ಜನ ನಂಬಿದ್ದಾರೆ. ಹಾಗಿಲ್ಲ. ಆರೋಪಿ ಬಿಡುಗಡೆಯಾದರೂ ಕೋರ್ಟು ಶಿಫಾರಸು ಮಾಡಬಹುದು, ಆರೋಪಿ ಯಾರಂತಲೇ ಪತ್ತೆಯಾಗದಿದ್ದರೆ ನೀವೇ ನೇರವಾಗಿ ಅರ್ಜಿ ಹಾಕಬಹುದು, ಅರ್ಜಿ ಬಂದ ಮೇಲೆ ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು, ಅಷ್ಟರೊಳಗೆ ತುರ್ತಾಗಿ ಮಧ್ಯಂತರ ನೆರವು ಕೊಡುವ ಅಧಿಕಾರವೂ ಅದಕ್ಕಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧದ (ಪೋಕ್ಸೋ) ಕೇಸಿನಲ್ಲಿ ವಿಶೇಷ ಕೋರ್ಟೇ ಎಫ್‌ಐಆರ್ ಆದ ನಂತರ ಮಧ್ಯಂತರ ಪರಿಹಾರಕ್ಕೆ ಆದೇಶ ಮಾಡಬಹುದು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಜನರನ್ನು ಹೆಚ್ಚು ಸುಸ್ತು ಮಾಡುವುದು ಓಡಾಟ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದ ಕಾರವಾರಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು ಅಂತಲೇ ಲೆಕ್ಕ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದರೆ ದೇವರೇ ಗತಿ. ಸಾಕ್ಷಿ ಹೇಳಲು ಬಂದವರ ಖರ್ಚನ್ನು ಸರ್ಕಾರದಿಂದ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ, ಬತ್ತೆ ಅನ್ನುವುದು ಅದನ್ನೇ. ಸಾಕ್ಷಿ ಮುಗಿದ ದಿನವೇ, ಮನೆಗೆ ಹೊರಡುವ ಮೊದಲೇ ಪಿಪಿ ಮೂಲಕ ಕೇಳಿ. ಬಸ್ ಟಿಕೆಟ್ ಎಸೆಯಬೇಡಿ.

ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ಹಕ್ಕು ಇನ್ನೂ ಗಟ್ಟಿ. ಯಲ್ಲಾಪುರದ ಕಾಡಂಚಿನ, ಪರಿಶಿಷ್ಟ ಪಂಗಡದ ಸಿದ್ದಿ ಕುಟುಂಬವೊಂದು ಅರಬೈಲ್ ಘಟ್ಟ ಇಳಿದು ಕೋರ್ಟಿಗೆ ಬಂದರೆ, ಆ ಕಾಯ್ದೆಯ 1995ರ ನಿಯಮಗಳ 11ನೇ ನಿಯಮದಂತೆ ಅವರಿಗೆ ಪ್ರಯಾಣದ ಖರ್ಚು, ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ದಿನದ ಭತ್ಯೆ, ಊಟದ ಖರ್ಚು ಸಿಗಬೇಕು. ನೊಂದ ಹೆಂಗಸಿನ ಜೊತೆ ಬಂದವರ ಖರ್ಚೂ ಸೇರುತ್ತದೆ. ಅದೂ ತಕ್ಷಣ, ತಡವೆಂದರೆ ಮೂರು ದಿನದೊಳಗೆ. ನೊಂದವರು ಬಯಸಿದರೆ ಜಿಲ್ಲಾಧಿಕಾರಿ ಹೆಸರುವಾಸಿ ಹಿರಿಯ ವಕೀಲರನ್ನು ಸರ್ಕಾರದ ಫೀಸಿನಲ್ಲೇ ಕೇಸಿಗೆ ನೇಮಿಸಬಹುದು. ಇದನ್ನು ಕೇಳುವವರು ತೀರಾ ಕಡಿಮೆ, ಕೇಳಬಹುದು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ ಅಲ್ವಾ?

ಆ ಅಕ್ಕನಿಗೆ ಕೊಟ್ಟ ಫೀಸು ವಾಪಸ್ ಬರಲಿಲ್ಲ. ಕೈಗೆ ಆದ ಊನಕ್ಕೆ ಪರಿಹಾರದ ಅರ್ಜಿ ಹಾಕಿದೆವು, ಹಣ ಖಾತೆಗೆ ಬಂತು, ಬಳೆ ಬಿಡಿಸಿಕೊಂಡರು. ಆದರೆ ಆ ದುಡ್ಡು ಹೋಗಬೇಕಾಗಿದ್ದು ಕೈಯ ಚಿಕಿತ್ಸೆಗೆ. ಈ ವಿಷಯದಲ್ಲಿ ನನಗೆ ಈಗಲೂ ಸಿಟ್ಟಿದೆ.

ಪ್ರಾಧಿಕಾರದ ಕಚೇರಿ ಕಾರವಾರದ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇದೆ, ತಾಲೂಕು ಕೋರ್ಟುಗಳಲ್ಲಿ ಸಮಿತಿಗಳಿವೆ, ಫೋನ್ ಮಾಡುವುದಾದರೆ 15100. ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದ, ಆಧಾರ್, ಪಾಸ್‌ಬುಕ್ ಇದ್ದರೆ ತನ್ನಿ. ಎಫ್‌ಐಆರ್ ಪ್ರತಿ ಸಿಕ್ಕಿಲ್ಲ ಅಂತ ಸುಮ್ನೆ ಮನೆಯಲ್ಲಿ ಕೂರಬೇಡಿ. ಅದನ್ನು ಠಾಣೆಯವರು ಪುಕ್ಕಟೆ ಕೊಡಲೇಬೇಕು, ಕೊಡದಿದ್ದರೆ ನಾವು ಕೇಳುತ್ತೇವೆ.